ಗೌಡ್ರಿಗೆ ಕಂಪ್ಯೂಟರೇ ಬೇಕಂತೆ

ಮಂಡ್ಯದ ಸಂಜಯ ಸರ್ಕಲ್ ಹತ್ತಿರದ ಟೀ ಅಂಗಡಿ. ಮಧ್ಯೆ ಎರಡು ಪ್ಲೇಟ್ ಮದ್ದೂರು ವಡೆ, ಸುತ್ತ ಮೂರು ಜನ: ಕಬ್ಬು ಬೆಳೆಯೋ ಗೌಡ್ರು, ಪಿಯು ಕಾಲೇಜಿನ ಗಣಿತದ ಮೇಷ್ಟ್ರು, ಶನಿವಾರದ ರೈಲಿಗೆ ಬೆಂಗಳೂರಿಂದ ಇಳಿಯೋ ‘ಸಾಫ್ಟ್‌ವೇರು’.

“ಮೇಷ್ಟ್ರೇ, ನಮ್ ಮೊಗಿಗೆ ಪಿಯುಸೀಲಿ 96 ಬಂದದೆ. ಕಂಪ್ಯೂಟರ್ ಸೈನ್ಸ್ ಸೀಟು ಮನೆ ಬಾಗ್ಲಿಗೇ ಬತ್ತದೆ, ಅಲ್ವಾ?”

“ಸಿಇಟಿ ಎಷ್ಟು?”

“ಅದ್ ಬುಡಿ ಅತ್ಲಾಗೆ. 180ಕ್ಕೆ 60.”

ಮೇಷ್ಟ್ರು ಕಚ್ಚಿದ ವಡೆ ಕೆಳಗಿಟ್ಟರು. “ಅದನ್ನೆಂಗ್ ಬಿಡದು ಗೌಡ್ರೇ? ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅರ್ಧ, ಸಿಇಟಿ ಅರ್ಧ. ಪಿಯುನಲ್ಲೂ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಅಷ್ಟೇ. ಕನ್ನಡದ 99 ಅಲ್ಲಿ ನಡೆಯಲ್ಲ. ಮೂರ್ರಲ್ಲೂ 96 ಅಂತಲೇ ಇಟ್ಕೊಳ್ಳಿ, ಅರ್ಧ 48. ಸಿಇಟಿ 33 ಚಿಲ್ಲರೆ ಪರ್ಸೆಂಟು, ಅದರರ್ಧ 16.7. ಒಟ್ಟು 64.7. ಪಿಯುನಲ್ಲಿ 85 ತಗೊಂಡ ಹುಡುಗ ಸಿಇಟೀಲಿ 108 ಹೊಡೆದಿದ್ರೆ 72.5.”

“85 ಮುಂದೆ, 96 ಹಿಂದೆ? ಕಾರ್ಖಾನೆ ತೂಕದಲ್ಲೂ ಇಂಥಾ ಮೋಸ ಕಂಡಿಲ್ಲ!”

“ಪಿಯು ಕಬ್ಬಿನ ತೂಕ, ಸಿಇಟಿ ಸಕ್ಕರೆ ಇಳುವರಿ ಅಂದ್ಕೊಳ್ಳಿ. ಅಲ್ಲಿ ನೆಗೆಟಿವ್ ಮಾರ್ಕ್ಸೂ ಇಲ್ಲ. ಗೊತ್ತಿಲ್ದೆ ಇರೋದನ್ನ ಖಾಲಿ ಬಿಟ್ಟೋರು ಸಿಗಬಹುದಾದ ಮಾರ್ಕ್ಸನ್ನ ಸುಮ್ನೆ ಬಿಟ್ಟಂಗೆ.”

“ಆಗಿದ್ದಾಯ್ತು. ಆಪ್ಷನ್ ಲಿಸ್ಟಲ್ಲಿ ಸಿಗೋ ಕಾಲೇಜ್ನೇ ಮೊದ್ಲು ಬರ್ದಿವ್ನಿ. ಮೈಸೂರು ಎನ್‌ಐಇ ಕೆಳೀಕೆ. ಆಸೆ ಜಾಸ್ತಿ ಆಗ್ಬಾರ್ದು ನೋಡಿ.”

ಸಾಫ್ಟ್‌ವೇರು ಹಣೆ ಚಚ್ಚಿಕೊಂಡ. “ಅಣ್ಣಾ, ಅದು ಸಂತೆ ಚೌಕಾಸಿ ಅಲ್ಲ. ಮೇಲಿಂದ ನೋಡ್ಕೊಂಡ್ ಬತ್ತಾರೆ, ನಿಮ್ ರ‍್ಯಾಂಕಿಗೆ ಸಿಗೋ ಮೊದಲ್ನೇದ್ನ ಕೊಟ್ಬುಡ್ತಾರೆ. ಮೇಲೆ ಆಸೆ ಬರ್ದ್ರೆ ಕೆಳಗಿನ್ದೇನೂ ಕಳ್ಕಳಲ್ಲ. ಸಿಗೋದ್ನೇ ಮೇಲಿಟ್ರೆ ಕೆಳಗಿನ ಒಳ್ಳೇದ್ನ ಕಣ್ಣೆತ್ತೂ ನೋಡಲ್ಲ. ಮಾಕ್ ಅಲಾಟ್‌ಮೆಂಟ್ ಅಂತ ಸೀಟು ಹಂಚೋ ರಿಹರ್ಸಲ್ ಬಿಡ್ತಾರಲ್ಲ, ಆಗ ತಿರುಗಾಮುರುಗಾ ಮಾಡಿ.”

“ಆಮೇಲೆ ಅದೇನೋ ಛಾಯ್ಸು ಅಂತಾರಲ್ಲ?”

“ಒಂದು: ಇದೇ ಸಾಕು, ಸೇರ್ಕತೀನಿ. ಎರಡು: ಇದಿರಲಿ, ಮೇಲಿನ್ದು ಸಿಕ್ರೆ ಅದು. ಮೂರು: ಇದು ಬೇಡ, ಮುಂದಿನ ರೌಂಡಿಗೆ ಕಾಯ್ತೀನಿ. ನಾಲ್ಕು: ನಿಮ್ ಸಹವಾಸವೇ ಬೇಡ. ಎಡವೋದು ಎರಡರಲ್ಲೇ. ಮೇಲಿನ್ದು ಸಿಕ್ಕಿದ್ ಕ್ಷಣ ಕೈಲಿರೋದು ಹೋಯ್ತದೆ, ವಾಪಸ್ ಕೇಳಂಗಿಲ್ಲ. ಬೇಡದ್ದನ್ನ ಲಿಸ್ಟಿನ ಮೇಲ್ಗಡೆ ಉಳಿಸ್ಕಂಡು ಎರಡು ಒತ್ತಿದ್ರೆ ಆಮೇಲೆ ಅಳೋದೇ.”

“ಸೀಟು ಸಿಗ್ನಿಲ್ಲ ಅಂದ್ರೆ ಎಐ ಅಂತಾರಲ್ಲ, ಅದ್ಕೇ ಹಾಕ್ಬುಡನ. ಹೊಸ್ದು.”

“ಬೋರ್ಡ್ ಹೊಸ್ದು, ಅಡುಗೆ ಬಹುಪಾಲು ಅದೇ,” ಅಂದ ಸಾಫ್ಟ್‌ವೇರು. “ಡೇಟಾ ಸ್ಟ್ರಕ್ಚರು, ಆಪರೇಟಿಂಗ್ ಸಿಸ್ಟಮು, ಡೇಟಾಬೇಸು ಅಲ್ಲೂ ಓದ್ಬೇಕು. ಎಐ ಸರ್ಟಿಫಿಕೇಟ್ ಹನ್ನೆರಡು ಹಿಡ್ಕಂಡ್ ಬಂದೋರಿಗೆ ಇಂಟರ್ವ್ಯೂಲಿ ಇನ್ನರ್ ಜಾಯಿನ್ನು, ಲೆಫ್ಟ್ ಜಾಯಿನ್ನು ಏನ್ ವ್ಯತ್ಯಾಸ ಅಂದ್ರೆ ಫ್ಯಾನ್ ನೋಡ್ತಾರೆ.”

“ಏನದು?”

“ಡೇಟಾಬೇಸಲ್ಲಿ ಎರಡು ಪಟ್ಟಿ ಜೋಡ್ಸೋ ರೀತಿ ಅಣ್ಣಾ. ಮದ್ವೆಗೆ ಕರೆದೋರ್ದು ಒಂದ್ ಪಟ್ಟಿ, ಮುಯ್ಯಿ ಪುಸ್ತಕ ಇನ್ನೊಂದು. ಕರ್ದೂ ಇದ್ದು, ಮುಯ್ಯೀನೂ ಹಾಕ್ದೋರು ಮಾತ್ರ ಬಂದ್ರೆ ಇನ್ನರ್. ಕರ್ದೋರೆಲ್ಲಾ ಬಂದು, ಹಾಕ್ದೇ ಇದ್ದೋರ್ ಮುಂದೆ ಖಾಲಿ ಬಿಟ್ರೆ ಲೆಫ್ಟು.”

“ಓಹೋ! ಆ ಖಾಲಿ ಇರೋರ್ನ ನಾನು ಬಾಯಲ್ಲೇ ಹೇಳ್ಬುಡ್ತೀನಿ.”

“ಹೇಳ್ಬೇಡಿ, ಮೇಷ್ಟ್ರು ಇಲ್ಲೇ ಅವ್ರೆ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮಾತು ತಿರುಗಿಸಿದರು. “ಬಿಎಸ್ಸಿ ಅಂದ್ರೆ ಮೂಗು ಮುರೀಬೇಡಿ. ಗಣಿತ, ಸ್ಟ್ಯಾಟಿಸ್ಟಿಕ್ಸು, ಕಂಪ್ಯೂಟರ್ ಇರೋ ಕಾಂಬಿನೇಷನ್ ಹಿಡೀರಿ. ಮೂರು ವರ್ಷ ಆದ್ಮೇಲೆ ಎರಡು ವರ್ಷದ ಎಂಸಿಎ. ಎನ್‌ಐಟಿಗಳ ಎಂಸಿಎಗೆ ನಿಮ್‌ಸೆಟ್ ಅಂತ ಪರೀಕ್ಷೆ. 1000 ಅಂಕದಲ್ಲಿ 600 ಬರೀ ಗಣಿತ. ಐಐಟಿ ಎಂಎಸ್ಸಿಗೆ ಜ್ಯಾಮ್ ಅಂತ ಪರೀಕ್ಷೆ. ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಆದ್ರೆ ನಮ್ಮ ಮೈಸೂರು ಯೂನಿವರ್ಸಿಟಿ ಮಾನಸಗಂಗೋತ್ರೀಲೇ ಇದೆ. ಗಣಿತ ಕಷ್ಟ ಅಂತ ಬಿಸಿಎಗೆ ಓಡೋರಿಗೆ ಆ 600 ಗೋಡೆ ಥರ ನಿಲ್ಲತ್ತೆ.”

“ಕ್ಯಾಂಪಸ್ಸಿಗೆ ಬರೋ ಎಷ್ಟೋ ಕಂಪನಿ ಎಸ್ಸೆಸ್ಸೆಲ್ಸಿ, ಪಿಯು, ಡಿಗ್ರಿ ಮೂರ್ರಲ್ಲೂ 60 ಕೇಳ್ತವೆ,” ಅಂತ ಸಾಫ್ಟ್‌ವೇರು ಸೇರಿಸಿದ. “ಫೇಲಾದ ಸಬ್ಜೆಕ್ಟು, ಒಂದ್ ಬ್ಯಾಕ್ ಉಳ್ಸ್ಕಂಡಿದ್ರೂ ಗೇಟ್ ಹತ್ರನೇ ಟಾಟಾ. ಇದ್ನ ಮೂರನೇ ವರ್ಷದಲ್ಲಿ ತಿಳ್ಕಂಡು ಏನ್ ಬಂತು?”

“ಮೊಗ ಕೆಮಿಸ್ಟ್ರಿ ಇಷ್ಟ ಅಂತದೆ ಕಣಯ್ಯ,” ಗೌಡ್ರು ಮೆಲ್ಲಗೆ ಬಾಯಿಬಿಟ್ಟರು.

“ಇದ್ನ ಈಗ ಹೇಳ್ತೀರಾ?” ಮೇಷ್ಟ್ರು ಎದ್ದೇ ನಿಂತರು. “ಮೈಸೂರಲ್ಲಿ ಸಿಎಫ್‌ಟಿಆರ್‌ಐ ಅಂತ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇದೆ, ಆಹಾರ ವಿಜ್ಞಾನಕ್ಕೆ ಕೆಮಿಸ್ಟ್ರೀನೇ ಬುನಾದಿ. ಮೇಷ್ಟ್ರಾಗೋ ಮನಸ್ಸಿದ್ರೆ ಅಲ್ಲೇ ಶಿಕ್ಷಕರನ್ನ ತಯಾರು ಮಾಡೋ ಆರ್‌ಐಇನಲ್ಲಿ ಬಿಎಸ್ಸಿ, ಬಿಎಡ್ ಎರಡೂ ಸೇರಿ ನಾಲ್ಕೇ ವರ್ಷ.”

“ಮೇಷ್ಟ್ರ? ಬ್ಯಾಡ ಬುಡಿ. ಮುಯ್ಯಿ ಹಾಕಕ್ಕೂ ಉಳಿಯಕ್ಕಿಲ್ಲ.”

ಅಷ್ಟರಲ್ಲಿ ಹುಡುಗ ಬಿಲ್ಲು ತಂದು ಗೌಡ್ರ ಮುಂದೆಯೇ ಇಟ್ಟ. ಗೌಡ್ರು ಒಂದೇ ಬೆರಳಲ್ಲಿ ಅದನ್ನ ಸಾಫ್ಟ್‌ವೇರಿನ ಕಡೆ ತಳ್ಳಿದರು.

“ನಂದು ಛಾಯ್ಸ್ ಮೂರು ಕಣಪ್ಪ. ಇದು ಬೇಡ, ಮುಂದಿನ ರೌಂಡಿಗೆ ಕಾಯ್ತೀನಿ.”