ಸ್ವಿಸ್ ‘ಪ್ರೆಸಿಡೆಂಟ್’: ರಾಷ್ಟ್ರಪತಿಯೋ, ಅಧ್ಯಕ್ಷರೋ?

ಬಳಗದವರಿಗೆ ನಮಸ್ಕಾರ.

ಯೋನಾಸ್ ಫುರರ್ (1805–1861) ಬಗ್ಗೆ ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ವಿಂಟರ್‌ಟೂರ್ ಊರಿನ ವಕೀಲರು. 1848ರಲ್ಲಿ ಸ್ವಿಟ್ಜರ್ಲೆಂಡಿಗೆ ಹೊಸ ಸಂವಿಧಾನ ಬಂದಾಗ ಅಲ್ಲಿನ ಮೊದಲ ‘ಬುಂಡೆಸ್‌ಪ್ರೆಸಿಡೆಂಟ್’ (ಜರ್ಮನ್‌ನಲ್ಲಿ ‘ಒಕ್ಕೂಟದ ಪ್ರೆಸಿಡೆಂಟ್’) ಆದವರು. ಬದುಕಿನ ಕತೆ ಸಲೀಸಾಗಿ ಸಾಗಿತು. ತಲೆ ಕೆಡಿಸಿದ್ದು ಹುದ್ದೆಗಳ ಹೆಸರು.

1845ರಲ್ಲಿ ಅವರು ಜ್ಯೂರಿಕ್‌ನ ‘ಬ್ಯುರ್ಗರ್‌ಮೈಸ್ಟರ್’ ಆದರು. ನಿಘಂಟು ‘ಮೇಯರ್’ ಅನ್ನುತ್ತದೆ. ಹಾಗೆ ಬರೆದರೆ ಓದುಗರಿಗೆ ನೆನಪಾಗುವುದು ಪಾಲಿಕೆ, ಚರಂಡಿ, ಕಸದ ಲಾರಿ. ಆಗ ಆ ಹೆಸರಿದ್ದದ್ದು ಇಡೀ ಜ್ಯೂರಿಕ್ ಕ್ಯಾಂಟನ್‌ನ (ನಮ್ಮ ರಾಜ್ಯಗಳಂತೆ ಸ್ವಿಟ್ಜರ್ಲೆಂಡಿನ ಒಂದು ಭಾಗ) ಸರ್ಕಾರದ ಮುಖ್ಯಸ್ಥರಿಗೆ. ಸ್ವಿಸ್ ಕ್ಯಾಂಟನ್‌ಗಳ ಒಕ್ಕೂಟದ ಮುಂದಾಳುತನ ಆ ವರ್ಷ ಸರದಿಯಂತೆ ಜ್ಯೂರಿಕ್‌ಗೆ ಬಂದಿತ್ತು. ಹಾಗಾಗಿ ಎಲ್ಲ ಕ್ಯಾಂಟನ್‌ಗಳ ಸಭೆಗೂ ಅವರೇ ಅಧ್ಯಕ್ಷರು. ‘ಮುಖ್ಯಮಂತ್ರಿ’ ಅನ್ನೋಣ ಎಂದರೆ ಅದರಲ್ಲಿ ವಿಧಾನಸೌಧದ ವಾಸನೆ ಜಾಸ್ತಿ. ‘ಕ್ಯಾಂಟನ್ ಸರ್ಕಾರದ ಮುಖ್ಯಸ್ಥ’ ಎಂದೇ ಬರೆದಿದ್ದೇನೆ. ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ.

ನಿಜವಾದ ಪೇಚು 1848ರದು. ಪತ್ರಿಕೆಗಳ ರೂಢಿ ಹಿಡಿದು ‘ಮೊದಲ ರಾಷ್ಟ್ರಪತಿ’ ಎಂದು ಬರೆದುಬಿಡಬಹುದು. ಆದರೆ ಅಲ್ಲಿ ಸರ್ಕಾರವೆಂದರೆ ಏಳು ಜನರ ಮಂಡಳಿ. ಸಂಸತ್ತಿನ ಎರಡೂ ಸದನ ಸೇರಿ ಆರಿಸುತ್ತವೆ. ಅವರಲ್ಲೇ ಒಬ್ಬರು ಒಂದು ವರ್ಷ ಅಧ್ಯಕ್ಷರು. ಸಭೆ ನಡೆಸುತ್ತಾರೆ, ದೇಶದ ಪರವಾಗಿ ನಿಲ್ಲುತ್ತಾರೆ. ಉಳಿದ ಆರು ಜನರ ಮೇಲೆ ಯಜಮಾನಿಕೆ ಏನಿಲ್ಲ. 1849ರ ಕೊನೆಗೆ ಫುರರ್ ಅವಧಿ ಮುಗಿಯಿತು. 1850ರಲ್ಲಿ ನ್ಯಾಯ ಮತ್ತು ಪೊಲೀಸ್ ಇಲಾಖೆ ವಹಿಸಿಕೊಂಡರು. 1852, 1855, 1858ರಲ್ಲಿ ಮತ್ತೆ ಅಧ್ಯಕ್ಷರು.

ಈಗ ‘ರಾಷ್ಟ್ರಪತಿ 1850ರಲ್ಲಿ ಇಲಾಖೆಯೊಂದರ ಮಂತ್ರಿಯಾದರು’ ಎಂದು ಬರೆದು ನೋಡಿ. ಹಿಂಬಡ್ತಿ ಸಿಕ್ಕಂತೆ ಕೇಳಿಸುತ್ತದೆ, ಅಲ್ವಾ? ಅಲ್ಲಿ ಅದು ಬರೀ ಸರದಿ. ‘ಅಧ್ಯಕ್ಷ’ ಎಂದರೆ ಈ ಗೊಂದಲವಿಲ್ಲ. ಸಂಘದ ಅಧ್ಯಕ್ಷರು ಮರುವರ್ಷ ಖಜಾಂಚಿಯಾದರೆ ನಾವ್ಯಾರೂ ಹುಬ್ಬೇರಿಸುವುದಿಲ್ಲ. ಹಾಗಾಗಿ ನನ್ನ ಓಟು ‘ಒಕ್ಕೂಟದ ಅಧ್ಯಕ್ಷ’ಕ್ಕೆ.

ಇನ್ನೊಂದು ಗಂಟು ಉಳಿದಿದೆ. ‘ಬುಂಡೆಸ್‌ರಾಟ್’ ಎಂದರೆ ಆ ಏಳು ಜನರ ಮಂಡಳಿಯೂ ಹೌದು, ಅದರಲ್ಲಿ ಒಬ್ಬರೂ ಹೌದು. ಜರ್ಮನಿಯಲ್ಲಿ ಇದೇ ಪದಕ್ಕೆ ರಾಜ್ಯಗಳ ಸಭೆ ಎಂಬ ಅರ್ಥ. ‘ಸಚಿವ ಸಂಪುಟ’ ಎಂದರೆ ಪ್ರಧಾನಿ ಎಲ್ಲಿ ಎಂದು ಓದುಗರು ಹುಡುಕುತ್ತಾರೆ. ಸದ್ಯಕ್ಕೆ ‘ಒಕ್ಕೂಟ ಮಂಡಳಿ’, ‘ಮಂಡಳಿ ಸದಸ್ಯ’ ಎಂದು ಇಟ್ಟಿದ್ದೇನೆ. ‘ಮಂಡಳಿ’ ಅಂದಕೂಡಲೇ ನಿಮಗೆ ವಿದ್ಯುತ್ ಮಂಡಳಿ, ಜಲಮಂಡಳಿ ನೆನಪಾಗುತ್ತದೆಯೇ? ಬೇರೆ ಪದ ಯಾರಿಗಾದರೂ ಹೊಳೆದರೆ ತಿಳಿಸಿ.