ಒಬ್ಬಳೇ ತಾಯಿ, ಎರಡು ಮಕ್ಕಳು: ಶಿರಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಕಾರ್ ಸೀಟು, ಸ್ಟ್ರಾಲರ್ ಒಯ್ಯಲೋ ಬಿಡಲೋ?

ಶಿರಸಿ ಹತ್ತಿರದ ಹಳ್ಳಿಯಿಂದ, ಕೇಳಿದವಳು

ಡಿಸೆಂಬರ್ ಮೊದಲ ವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇನೆ. ನಮ್ಮನೆಯವರು ಅಲ್ಲೇ ಇದ್ದಾರೆ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಆ ಹೊತ್ತಿಗೆ ಒಂಬತ್ತು ತಿಂಗಳು. ಜೊತೆಗೆ ದೊಡ್ಡವರು ಯಾರೂ ಇಲ್ಲ. ಮಗನ ನಾಮಕರಣಕ್ಕೆ ಅಣ್ಣ ಒಂದು ಕಾರ್ ಸೀಟು ಕೊಟ್ಟಿದ್ದ, ಕಾರಿನಲ್ಲಿ ಕೂಸನ್ನು ಬೆಲ್ಟು ಬಿಗಿದು ಕೂರಿಸುವಂಥದ್ದು. ಡಬ್ಬಿ ಒಡೆಯದೆ ಅಟ್ಟದ ಮೇಲಿದೆ. ಅದನ್ನು ಒಯ್ಯಲೋ ಬಿಡಲೋ? ಅತ್ತಿಗೆ ತನ್ನ ದೊಡ್ಡ ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಕೊಡುತ್ತೇನೆ ಅಂದಿದ್ದಾಳೆ. ವಿಮಾನದ ಬಾಗಿಲವರೆಗೂ ತಳ್ಳಿಕೊಂಡು ಹೋಗಬಹುದಂತೆ, ಹೌದಾ? ಮಾವ ಗೋವಾದಿಂದ ಹೋಗು ಅನ್ನುತ್ತಾರೆ, ಅಪ್ಪ ಹುಬ್ಬಳ್ಳಿಯೇ ಆರಾಮ ಅನ್ನುತ್ತಾನೆ. ಟಿಕೆಟ್ ಇನ್ನೂ ತೆಗೆದಿಲ್ಲ. ಚಿಕ್ಕ ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ. ಇದೇ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ.

ಕಾರವಾರದಿಂದ, ಇಬ್ಬರು ಮಕ್ಕಳ ತಾಯಿ

ತಂಗಿ, ನಿನ್ನ ಹಾಗೆಯೇ ಒಬ್ಬಳೇ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಾರ್ ಸೀಟು, ದೊಡ್ಡ ಸ್ಟ್ರಾಲರ್, ಮೂರು ಕೈಚೀಲ ಎಲ್ಲ ಹೊತ್ತಿದ್ದೆ. ಎರಡನೇ ಸಲ ಬೆನ್ನಿಗೊಂದು ಚೀಲ, ಎದೆಗೆ ಕಟ್ಟಿಕೊಂಡ ಕೂಸು, ಮಡಚುವ ಚಿಕ್ಕ ಸ್ಟ್ರಾಲರ್, ಅಷ್ಟೇ. ಎರಡನೆಯದೇ ಸರಿ. ಏನು ಒಯ್ಯಬೇಕು, ಏನು ಬಿಡಬೇಕು ಎನ್ನುವಾಗ ಒಂದೇ ಲೆಕ್ಕ ಇಟ್ಟುಕೋ: ಮಗಳನ್ನು ಹಿಡಿದುಕೊಳ್ಳಲು ನಿನ್ನ ಒಂದು ಕೈ ಯಾವಾಗಲೂ ಖಾಲಿ ಇರಬೇಕು. ಆ ಕೈಯನ್ನು ಕೇಳುವ ಸಾಮಾನು ಯಾವುದೂ ಬೇಡ.

ಅಣ್ಣ ಕೊಟ್ಟ ಕಾರ್ ಸೀಟು ಅಮೆರಿಕಕ್ಕೆ ಬೇಡ. ಅದರ ಭಾರಕ್ಕೆ ಹೆದರಿ ಹೇಳುತ್ತಿಲ್ಲ. ಡಬ್ಬಿ ಒಡೆದು ಸೀಟಿಗೆ ಅಂಟಿಸಿದ ಚೀಟಿ ನೋಡು. ನಮ್ಮಲ್ಲಿ ಸಿಗುವ ಎಷ್ಟೋ ಸೀಟುಗಳ ಮೇಲೆ ಯುರೋಪಿನ ಆರ್ 44 ಅಥವಾ ಆರ್ 129 ಗುರುತು ಇರುತ್ತದೆ. ಸೀಟು ಒಳ್ಳೆಯದೇ ಇರಬಹುದು, ಆದರೆ ಅಮೆರಿಕದಲ್ಲಿ ಅವರದೇ ಎಫ್‌ಎಂವಿಎಸ್‌ಎಸ್ 213 ಎಂಬ ನಿಯಮಕ್ಕೆ ಹೊಂದುವ ಸೀಟೇ ಆಗಬೇಕು. ನಾನು ಇದು ಗೊತ್ತಿಲ್ಲದೆ ಇಲ್ಲಿಂದ ಹೊತ್ತುಕೊಂಡು ಹೋಗಿ, ಅಲ್ಲಿ ಇಳಿದ ವಾರದಲ್ಲೇ ಇನ್ನೊಂದು ಕೊಂಡೆ. ನಿಮ್ಮನೆಯವರಿಗೆ ಈಗಲೇ ಹೇಳು, ಎರಡು ಸೀಟು ಅಲ್ಲೇ ಕೊಂಡು, ಕಾರಿಗೆ ಬಿಗಿದು, ಫೋಟೋ ಕಳಿಸಲಿ. ವಿಮಾನ ಇಳಿಯುವ ದಿನ ಪಾರ್ಕಿಂಗ್‌ನಲ್ಲಿ ನಿಂತು ಕೈಪಿಡಿ ಓದುವುದು ಬೇಡ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದೊಳಗಿನ ಕೂಸು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಬೇಕು (40 ಪೌಂಡ್ ತೂಕ ಅಥವಾ 40 ಇಂಚು ಎತ್ತರ ದಾಟಿದ ಮಕ್ಕಳಿಗೆ ಮಾತ್ರ ವಿನಾಯಿತಿ). ಎಂಟು ವರ್ಷದೊಳಗಿನವರು ಹಿಂದಿನ ಸೀಟಿನಲ್ಲಿ, ಕಾರ್ ಸೀಟು ಅಥವಾ ಬೂಸ್ಟರ್ (ಬೆಲ್ಟು ಸರಿಯಾಗಿ ಬರಲೆಂದು ಮಗುವನ್ನು ಎತ್ತರಿಸುವ ಆಸನ) ಮೇಲೆ. ಯಾರಾದರೂ ಪರಿಚಯದವರು ಹಳೆಯ ಸೀಟು ಕೊಡುತ್ತೇವೆ ಅಂದರೆ ಅದರ ಮೇಲೆ ಅಚ್ಚಾದ ಅವಧಿ ಮುಗಿದಿದೆಯೋ, ಒಮ್ಮೆಯಾದರೂ ಅಪಘಾತ ಕಂಡ ಕಾರಿನಲ್ಲಿತ್ತೋ ಎಂದು ಕೇಳಲು ಸಂಕೋಚ ಬೇಡ.

ಇನ್ನು ವಿಮಾನದೊಳಗೆ. ಎರಡು ವರ್ಷ ತುಂಬದ ಕೂಸಿಗೆ ಬೇರೆ ಸೀಟು ಕೊಳ್ಳಲೇಬೇಕೆಂದಿಲ್ಲ, ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಮಗಳಿಗೆ ಸ್ವಂತ ಸೀಟು ಆಗಲೇಬೇಕು. ನಿಜ ಹೇಳಬೇಕೆಂದರೆ, ಕೂಸಿಗೂ ತನ್ನದೇ ಸೀಟಿನಲ್ಲಿ, ವಿಮಾನಕ್ಕೆ ಒಪ್ಪುವ ಕಾರ್ ಸೀಟಿನೊಳಗೆ ಕೂರುವುದೇ ಹೆಚ್ಚು ಸುರಕ್ಷಿತ. ಅಮೆರಿಕದ ವಿಮಾನಯಾನ ಇಲಾಖೆ ಹೇಳುವುದೂ ಅದನ್ನೇ. ಅಂಥ ಸೀಟಿನ ಮೇಲೆ ‘ವಾಹನಕ್ಕೂ ವಿಮಾನಕ್ಕೂ ಸಲ್ಲುತ್ತದೆ’ ಎಂಬ ಅರ್ಥದ ಸಾಲು ಕೆಂಪು ಅಕ್ಷರದಲ್ಲಿರುತ್ತದೆ. ಅಗಲ 16 ಇಂಚಿನೊಳಗಿದ್ದರೆ ಸಾಮಾನ್ಯವಾಗಿ ಹಿಡಿಸುತ್ತದೆ, ಕಿಟಕಿ ಪಕ್ಕದಲ್ಲಿ ಇಡಿಸುತ್ತಾರೆ. ಬೂಸ್ಟರ್ ಅನ್ನು ವಿಮಾನ ಏರುವಾಗ, ಇಳಿಯುವಾಗ ಬಳಸಲು ಬಿಡುವುದಿಲ್ಲ. ಆದರೆ ಇಬ್ಬರ ಜೊತೆ ಒಬ್ಬಳೇ ಹೋಗುವವಳು ಕಾರ್ ಸೀಟನ್ನು ಎರಡು ವಿಮಾನ ನಿಲ್ದಾಣಗಳಲ್ಲಿ ಎತ್ತಿಕೊಂಡು ನಡೆಯಬೇಕಲ್ಲ. ಈ ಸಲಕ್ಕೆ ನಾನು ಬ್ಯಾಸಿನೆಟ್ ಅನ್ನುತ್ತೇನೆ. ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಅದು. ಟಿಕೆಟ್ ಆದ ದಿನವೇ ಫೋನ್ ಮಾಡಿ ಕೇಳು, ಇರುವುದೇ ಕೆಲವು. ತೂಕದ ಮಿತಿ ಒಂದೊಂದು ಕಂಪನಿಗೆ ಒಂದೊಂದು, ಹತ್ತು ಹನ್ನೊಂದು ಕಿಲೋ ಆಸುಪಾಸು. ಮಗನ ತೂಕ ನೋಡಿಕೊಂಡೇ ಕೇಳು. ವಿಮಾನ ಅಲುಗಿ ಬೆಲ್ಟ್ ದೀಪ ಹೊತ್ತಿದರೆ ಕೂಸು ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಎತ್ತಿಕೊಳ್ಳಲೇಬೇಕು, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರು. ಆ ಸಾಲಿನಲ್ಲಿ ಕಾಲ ಬುಡದಲ್ಲಿ ಚೀಲ ಇಡಲು ಬಿಡುವುದಿಲ್ಲ. ವಿಮಾನ ಏರುವಾಗ ಬೇಕಾಗುವ ಡೈಪರು, ಒಂದು ಜೊತೆ ಬಟ್ಟೆ, ಮಗಳ ಬಣ್ಣದ ಪೆನ್ಸಿಲು ಮಾತ್ರ ಸಣ್ಣ ಕೈಚೀಲದಲ್ಲಿ ಬೇರೆ ಇರಲಿ.

ಇಬ್ಬರ ಜನನ ಪ್ರಮಾಣಪತ್ರ, ನಿಮ್ಮನೆಯವರು ಸಹಿ ಮಾಡಿದ ಒಪ್ಪಿಗೆ ಪತ್ರ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೋ. ಅಪ್ಪನಿಲ್ಲದೆ ಮಕ್ಕಳನ್ನು ಕರೆದೊಯ್ಯುವಾಗ ಕೇಳಬಹುದು.

ಕುಮಟಾದಿಂದ

ಸ್ಟ್ರಾಲರ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದರಲ್ಲೇ ಪೆಟ್ಟು ತಿಂದವನು.

ಬಾಗಿಲವರೆಗೆ ತಳ್ಳಿಕೊಂಡು ಹೋಗಬಹುದು, ಹೌದು. ಚೆಕ್ ಇನ್ ಕೌಂಟರಿನಲ್ಲಿ ಅದಕ್ಕೊಂದು ಟ್ಯಾಗ್ ಕಟ್ಟಿಸಿಕೊಳ್ಳಬೇಕು. ಹತ್ತುವಾಗ ಮಡಚಿ ಕೊಟ್ಟರೆ ಕೆಳಗೆ ಸಾಮಾನಿನ ಜೊತೆ ಹಾಕುತ್ತಾರೆ. ಸಾಮಾನ್ಯವಾಗಿ ಹಣ ಇಲ್ಲ. ಆದರೆ ಕೊಟ್ಟದ್ದು ಎಲ್ಲಿ ಸಿಗುತ್ತದೆ ಎನ್ನುವುದೇ ಮುಖ್ಯ. ನಾವು ನಡುವೆ ವಿಮಾನ ಬದಲಿಸುವ ಊರಿನಲ್ಲಿ ಬಾಗಿಲಲ್ಲಿ ಕಾದು ನಿಂತೆವು. ಅದು ಸೀದಾ ಕೊನೆಯ ಊರಿಗೆ ಹೋಗಿತ್ತು. ಮಲಗಿದ್ದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಮುಕ್ಕಾಲು ಗಂಟೆ ನಡೆದೆ. ನನಗೆ ಅರವತ್ತೆರಡು. ಅದಕ್ಕೇ ಕೌಂಟರಿನಲ್ಲಿ ಟ್ಯಾಗ್ ಕಟ್ಟುವಾಗಲೇ ‘ನಡುವಿನ ಊರಿನಲ್ಲಿ ಬಾಗಿಲಿಗೆ ಕೊಡುತ್ತಾರೋ, ಕೊನೆಯಲ್ಲಿ ಸಾಮಾನಿನ ಬೆಲ್ಟಿಗೆ ಬರುತ್ತದೋ’ ಎಂದು ಬಾಯಿ ಬಿಟ್ಟು ಕೇಳಬೇಕು. ಕೊನೆಗೇ ಅಂದರೆ ಎದೆಗೆ ಕಟ್ಟುವ ಕ್ಯಾರಿಯರ್ ಇರಲೇಬೇಕು. ಇಬ್ಬರಲ್ಲಿ ನಡುರಾತ್ರಿ ಹೆಚ್ಚು ಭಾರವಾಗುವವಳು ಮೂರೂವರೆ ವರ್ಷದ ಮಗಳು. ಚಿಕ್ಕ ಸ್ಟ್ರಾಲರ್ ಅವಳಿಗೆ, ಕ್ಯಾರಿಯರ್ ಮಗನಿಗೆ. ಅತ್ತಿಗೆಯ ದೊಡ್ಡ ಗಾಡಿ ಬೇಡವೇ ಬೇಡ.

ಕೊಡುವ ಮುಂಚೆ ಬಿಚ್ಚಿ ಬರುವ ಭಾಗಗಳನ್ನೆಲ್ಲ ತೆಗೆದು ಚೀಲಕ್ಕೆ ಹಾಕು, ಒಂದು ಫೋಟೋ ಹೊಡೆದುಕೋ. ನಮ್ಮದರ ಒಂದು ಚಕ್ರ ಮುರಿದು ಬಂತು. ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಕಂಪನಿಯ ಮೇಜಿಗೆ ಹೋಗಿ ದೂರು ಬರೆದುಕೊಡಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಹಾಳಾದರೆ ಬರೆದುಕೊಡಲು ಏಳು ದಿನದ ಗಡುವು ಇದೆ, ಆದರೆ ಮನೆಗೆ ಬಂದ ಮೇಲೆ ಆ ಓಡಾಟ ಯಾರಿಂದ ಆಗುತ್ತದೆ!

ಹಾಂ, ಅಜ್ಜಿ ಒಣಕೊಬ್ಬರಿ ಕಟ್ಟಿಕೊಟ್ಟರೆ ಪ್ರೀತಿಯಿಂದಲೇ ಬೇಡ ಅನ್ನು. ಎಣ್ಣೆಯಂಶಕ್ಕೆ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನಕ್ಕೆ ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ ಹೋಗಲಿ, ಕೈಚೀಲಕ್ಕೆ ಬೇಡ.

ಸದಾಶಿವಗಡದಿಂದ

ಗೋವಾ ಅಂದರೆ ಯಾವ ಗೋವಾ ಎಂದು ಮಾವನನ್ನು ಮೊದಲು ಕೇಳಿ. ದಾಬೋಳಿ ಬೇರೆ, 2023ರ ಜನವರಿಯಿಂದ ವಿಮಾನ ಹಾರುತ್ತಿರುವ ಮೋಪಾ ಬೇರೆ. ಟಿಕೆಟ್‌ನಲ್ಲಿ ಜಿಓಐ ಇದ್ದರೆ ದಾಬೋಳಿ, ಜಿಓಎಕ್ಸ್ ಇದ್ದರೆ ಮೋಪಾ. ಮೋಪಾ ಗೋವಾದ ಆ ತುದಿ, ಮಹಾರಾಷ್ಟ್ರದ ಗಡಿ ಹತ್ತಿರ. ನಮ್ಮ ಗಾಡಿಯವ ರೂಢಿಯಂತೆ ದಾಬೋಳಿಗೆ ಒಯ್ದ, ನಾವೂ ಟಿಕೆಟ್ ಸರಿಯಾಗಿ ನೋಡಿರಲಿಲ್ಲ. ಇಬ್ಬರು ಮಕ್ಕಳನ್ನು ಮತ್ತೆ ಕಾರಿಗೆ ಹತ್ತಿಸಿ ಓಡಿದ್ದು ಈಗಲೂ ಮರೆತಿಲ್ಲ. ಕಾರವಾರದವರಿಗೆ ಗೋವಾ ಸರಿ. ಶಿರಸಿಯವರಿಗೆ ಹುಬ್ಬಳ್ಳಿಯೇ.

ಯಲ್ಲಾಪುರದಿಂದ, ಬಾಡಿಗೆ ಕಾರು ಓಡಿಸುವವನು

ಅಕ್ಕ, ವಿಮಾನದ ವಿಷಯ ನನಗೆ ಗೊತ್ತಿಲ್ಲ. ವಿಮಾನ ನಿಲ್ದಾಣದವರೆಗಿನದು ಗೊತ್ತು. ಕಾರವಾರದ ಅಕ್ಕ ಹೇಳಿದ್ದು ಸರಿಯೇ, ಆದರೆ ನಿಮ್ಮ ಅಣ್ಣ ಕೊಟ್ಟ ಸೀಟನ್ನು ಅಟ್ಟದ ಮೇಲೆ ಬಿಡಬೇಡಿ. ಅದು ಬೇಕಾಗಿರುವುದು ಇಲ್ಲೇ.

ಹನ್ನೊಂದು ವರ್ಷದಿಂದ ಜನರನ್ನು ವಿಮಾನಕ್ಕೆ ಬಿಟ್ಟು ಬರುತ್ತಿದ್ದೇನೆ. ಅಮೆರಿಕದಲ್ಲಿ ಕಾರ್ ಸೀಟು ಬೇಕು ಎಂದು ದಾರಿಯುದ್ದಕ್ಕೂ ಮಾತಾಡುತ್ತಾರೆ. ಆಗ ಕೂಸು ಮುಂದಿನ ಸೀಟಿನಲ್ಲಿ ಅಜ್ಜನ ತೊಡೆ ಮೇಲೆ ಇರುತ್ತದೆ. ಗೋವಾ ಕಡೆ ಹೋಗುವುದಾದರೆ ದೇವಿಮನೆಯೋ ಅರಬೈಲೋ, ಒಂದು ಘಟ್ಟ ಇಳಿಯಬೇಕು. ಆಮೇಲೆ ಹೆದ್ದಾರಿ 66, ಗೋವಾದೊಳಗೆ ಕಾಣಕೋಣ ದಾಟಿದ ಮೇಲೆ ಕರಮಲ ಘಟ್ಟ. ತಿರುವಿನಲ್ಲಿ ಎದುರಿಗೆ ಲಾರಿ ಬಂತೆಂದು ನಾನು ಬ್ರೇಕ್ ಒತ್ತಿದರೆ, ಎಂಟು ಒಂಬತ್ತು ಕಿಲೋ ಕೂಸು ಎಷ್ಟು ಗಟ್ಟಿ ಹಿಡಿದಿದ್ದರೂ ಕೈಯಲ್ಲಿ ನಿಲ್ಲುವುದಿಲ್ಲ. ಮುಂದೆ ಏರ್‌ಬ್ಯಾಗ್ ಬೇರೆ. ಹಿಂಬದಿಗೆ ಮುಖ ಮಾಡಿದ ಸೀಟನ್ನು ಅದರ ಎದುರು ಯಾವತ್ತೂ ಇಡಬಾರದು, ಹಿಂದಿನ ಸೀಟಿನಲ್ಲೇ ಇಡಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 194ಬಿ ಎಂಬ ಕಲಮು ಬಂದಿದೆ, 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡದ ಮಾತು ಬಿಡಿ, ನನಗೂ ಮಗಳಿದ್ದಾಳೆ.

ಗಾಡಿ ಗೊತ್ತು ಮಾಡುವಾಗ ‘ಹಿಂದಿನ ಸೀಟಿನ ಬೆಲ್ಟು ಕೆಲಸ ಮಾಡುತ್ತದಾ’ ಎಂದು ಕೇಳಿ. ಎಷ್ಟೋ ಬಾಡಿಗೆ ಗಾಡಿಗಳಲ್ಲಿ ಬೆಲ್ಟಿನ ಕೊಕ್ಕೆ ಸೀಟ್ ಕವರಿನ ಅಡಿಗೆ ಹೂತುಹೋಗಿರುತ್ತದೆ. ಹಿಂದಿನ ದಿನವೇ ಹೊರಗೆ ತೆಗೆದಿಡಲು ಹೇಳಿ. ಬೆಳಗಿನ ಜಾವ ನಾಲ್ಕಕ್ಕೆ ಅಂಗಳದಲ್ಲಿ ಟಾರ್ಚ್ ಹಿಡಿದು ಹುಡುಕಲು ಆಗುವುದಿಲ್ಲ. ಹುಬ್ಬಳ್ಳಿಗಾದರೆ ಮುಂಡಗೋಡ ಮೇಲೆ ನೂರು ಕಿಲೋಮೀಟರ್ ಆಸುಪಾಸು, ಘಟ್ಟ ಇಳಿಯುವುದಿಲ್ಲ, ಮಕ್ಕಳಿಗೆ ವಾಂತಿಯೂ ಕಡಿಮೆ. ನಿಮ್ಮ ಅಪ್ಪ ಹೇಳಿದ್ದು ಸರಿ. ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ನೀವು ಇಳಿದ ಮೇಲೆ ಸೀಟು ಅವರ ಜೊತೆ ಮನೆಗೆ ವಾಪಸ್ ಬರುತ್ತದೆ.

ಅಂಕೋಲಾದಿಂದ, ಮಕ್ಕಳ ವಾರ್ಡಿನಲ್ಲಿ ನರ್ಸ್

ಕಿವಿಯ ವಿಷಯ ಯಾರೂ ಹೇಳಲಿಲ್ಲ. ವಿಮಾನ ಏರುವಾಗಿನದಕ್ಕಿಂತ ಇಳಿಯುವಾಗ ಕಿವಿ ಹೆಚ್ಚು ನೋಯುತ್ತದೆ. ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಇಳಿಯಲು ಶುರುವಾಗಿರುತ್ತದೆ. ಹಾಲು ಕುಡಿಸಬೇಕಾದ್ದು ಆಗ. ನುಂಗುವಾಗ ಕಿವಿಯೊಳಗಿನ ಒತ್ತಡ ಸರಿಹೋಗುತ್ತದೆ. ದೊಡ್ಡವಳಿಗೆ ನೀರು ಗುಟುಕು ಗುಟುಕಾಗಿ ಕೊಡಿ. ಹೊರಡುವ ವಾರದಲ್ಲಿ ಶೀತ, ಕಿವಿನೋವು ಇದ್ದರೆ ಡಾಕ್ಟರಿಗೆ ತೋರಿಸದೆ ಹೊರಡಬೇಡಿ. ನಿದ್ದೆ ಬರಲಿ ಎಂದು ಕೆಮ್ಮಿನ ಸಿರಪ್ ಕೊಡುವುದನ್ನು ಬಹಳ ಜನ ಸಲಹೆ ಮಾಡುತ್ತಾರೆ. ಕೊಡಲೇಬೇಡಿ, ಕೆಲವು ಮಕ್ಕಳು ಅದರಿಂದ ಇನ್ನಷ್ಟು ಚಡಪಡಿಸುತ್ತವೆ, ಚಿಕ್ಕ ಕೂಸಿಗೆ ಉಸಿರಿಗೂ ಅಪಾಯ.

ಕೈಚೀಲದಲ್ಲಿ ದ್ರವದ ಬಾಟಲಿ 100 ಮಿಲಿಗಿಂತ ದೊಡ್ಡದಿರಬಾರದು ಎಂಬ ನಿಯಮ ಕೂಸಿನ ಹಾಲಿಗೆ, ಆಹಾರಕ್ಕೆ ಅನ್ವಯಿಸುವುದಿಲ್ಲ. ದಾರಿಗೆ ಬೇಕಾಗುವಷ್ಟು ಒಯ್ಯಬಹುದು, ತಪಾಸಣೆಯಲ್ಲಿ ಬೇರೆ ತೆಗೆದು ತೋರಿಸಿ. ನಮ್ಮ ರಾಗಿ ಮಣ್ಣಿ ಮಾಡಿ ಒಯ್ದರೆ ಗಂಟೆಗಳಲ್ಲಿ ಹಳಸುತ್ತದೆ. ಹುರಿದ ರಾಗಿ ಹುಡಿ ಒಯ್ದು ಬಿಸಿನೀರು ಕೇಳಿ ಕಲಸಿ ಅನ್ನುವವರಿದ್ದಾರೆ, ಹಸಿ ಉಳಿದರೆ ಹೊಟ್ಟೆನೋವು. ಈ ಪ್ರಯಾಣದ ಮಟ್ಟಿಗೆ ಬಾಳೆಹಣ್ಣು, ಅಂಗಡಿಯ ಸಿದ್ಧ ಆಹಾರವೇ ಆಗಲಿ. ಉಳಿದ ಹಣ್ಣನ್ನು ಅಲ್ಲಿ ಇಳಿಯುವ ಮೊದಲೇ ತಿಂದು ಮುಗಿಸಿ, ಅಮೆರಿಕದೊಳಗೆ ಬಿಡುವುದಿಲ್ಲ.

ಕೇಳಿದವಳು, ನಾಲ್ಕು ದಿನದ ಮೇಲೆ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಮುಂದೆ ಎಂದು ತೀರ್ಮಾನ ಆಯಿತು. ನಮ್ಮನೆಯವರು ಅಲ್ಲಿ ಎರಡು ಸೀಟು ನೋಡಿಟ್ಟಿದ್ದಾರೆ. ಅಟ್ಟದ ಸೀಟು ಇಳಿಸಿದೆವು, ಅದರ ಮೇಲೆ ಆರ್ 44 ಅಂತಲೇ ಇದೆ. ಅಪ್ಪನ ಕಾರಿನಲ್ಲೂ ಕೊಕ್ಕೆ ಸೀಟ್ ಕವರಿನ ಅಡಿಯಲ್ಲೇ ಇತ್ತು! ನಿನ್ನೆ ಕೂಸನ್ನು ಅದರಲ್ಲಿ ಕೂರಿಸಿ ಪೇಟೆಗೆ ಹೋಗಿ ಬಂದೆವು. ಹೋಗುವಾಗ ಪೂರ್ತಿ ಅತ್ತ, ಬರುವಾಗ ಮಲಗಿದ. ಹೊರಡುವವರೆಗೆ ದಿನಾ ಒಂದು ಸುತ್ತು ಹಾಕಿಸುತ್ತೇನೆ ಎಂದು ಅಪ್ಪ ಹೇಳಿದ್ದಾನೆ.

ಒಂದೇ ಹೆದರಿಕೆ ಉಳಿದಿದೆ. ಭದ್ರತಾ ತಪಾಸಣೆಯಲ್ಲಿ ಕೂಸನ್ನು ಎತ್ತಿಕೊಂಡು ಸ್ಟ್ರಾಲರ್ ಮಡಚುವುದು ಹೇಗೆ? ಅಪ್ಪ ನಿಲ್ದಾಣದ ಬಾಗಿಲವರೆಗೆ ಮಾತ್ರ ಬರಬಹುದು.

ಕಾರವಾರದಿಂದ

ಒಂದೇ ಕೈಯಲ್ಲಿ ಮಡಚುವುದನ್ನು ಮನೆಯಲ್ಲಿ ರೂಢಿ ಮಾಡಿಕೋ, ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ. ಸ್ಟ್ರಾಲರ್ ಎಕ್ಸ್‌ರೇಗೆ ಹೋಗುತ್ತದೆ, ಕ್ಯಾರಿಯರನ್ನೂ ಬಿಚ್ಚಿಸಬಹುದು. ಮಗಳಿಗೆ ನಿನ್ನ ಚೂಡಿದಾರದ ಅಂಚು ಹಿಡಿದು ನಿಲ್ಲಲು ಕಲಿಸು, ಆಟದ ಹಾಗೆ. ಹುಬ್ಬಳ್ಳಿಯಿಂದ ಹೊರಡುವುದು ರೆಕ್ಕೆಗೆ ಪಂಖವಿರುವ ಎಟಿಆರ್ ವಿಮಾನವಾದರೆ ಒಳಗಿನ ಮೇಲಿನ ಗೂಡು ಚಿಕ್ಕದು, ಕ್ಯಾಬಿನ್‌ಗೆ ಹಿಡಿಸುವ ಸ್ಟ್ರಾಲರನ್ನೂ ಕೆಳಗೆ ಕೊಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್ಲಿನಿಂದ. ನೀನು ಒಂದನೆಯದರಲ್ಲಿ ಇಳಿದರೆ ಬಸ್ಸು ಹಿಡಿದು ಅಲ್ಲಿಗೆ ಹೋಗಬೇಕು, ಎರಡು ವಿಮಾನಗಳ ನಡುವೆ ಸಾಕಷ್ಟು ಗಂಟೆ ಇಟ್ಟುಕೊಂಡೇ ಟಿಕೆಟ್ ತೆಗೆ. ಕೂಸುಗಳ ಜೊತೆ ಒಬ್ಬಳೇ ಬರುವ ತಾಯಿಗೆ ಜೊತೆಗೆ ಒಬ್ಬರನ್ನು ಕೊಡುವ ವ್ಯವಸ್ಥೆ ಎಷ್ಟೋ ವಿಮಾನ ಕಂಪನಿಗಳಲ್ಲಿದೆ. ಬ್ಯಾಸಿನೆಟ್‌ಗೆ ಫೋನ್ ಮಾಡುತ್ತೀಯಲ್ಲ, ಅದೇ ಫೋನಿನಲ್ಲಿ ಅದನ್ನೂ ಕೇಳು. ಕೌಂಟರಿಗೆ ಹೋದಾಗ ಇನ್ನೊಮ್ಮೆ ನೆನಪಿಸು.