ದಿನಾ ಮಂಡ್ಯ–ಮೈಸೂರು, ಆಗಾಗ ಟ್ರ್ಯಾಕ್: ನಾಲ್ಕೂವರೆ ಲಕ್ಷಕ್ಕೆ ಯಾವ ಹಳೇ ಕಾರು?

ಕೇಳಿದವರು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ದಿನಕ್ಕೆ ಹೋಗಿ ಬರುವುದು ಸುಮಾರು 90 ಕಿ.ಮೀ. ಇಷ್ಟು ದಿನ ಬೈಕು, ರೈಲು ಅಂತ ಕಳೆದೆ. ಈಗ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳೋಣ ಅಂತಿದ್ದೇನೆ. ಎಲ್ಲಾ ಸೇರಿ ನಾಲ್ಕೂವರೆ ಲಕ್ಷ ಇದೆ. ಹೋದ ವರ್ಷ ಗೆಳೆಯನ ಜೊತೆ ಕೊಯಮತ್ತೂರಿನ ಕರಿ ಅನ್ನೋ ಕಾರ್ ರೇಸ್ ಟ್ರ್ಯಾಕ್ ನೋಡಿ ಬಂದ ಮೇಲೆ ತಲೆಯಲ್ಲಿ ಅದೇ ಕೂತಿದೆ. ವರ್ಷಕ್ಕೆ ಎರಡು ಮೂರು ಸಲ ಅಲ್ಲಿ ಓಡಿಸಬೇಕು. ಮಿಕ್ಕ ದಿನ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪೋಲೋ ಜಿಟಿ ಟಿಎಸ್‌ಐ, ಸ್ವಿಫ್ಟ್, ಹೋಂಡಾ ಸಿಟಿ, ಈ ಮೂರರ ನಡುವೆ ಒದ್ದಾಡುತ್ತಿದ್ದೇನೆ. ಓಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಕುವೆಂಪುನಗರ, ಮೈಸೂರಿನಿಂದ

ನನ್ನದು 2013ರ ಸ್ವಿಫ್ಟ್ ಜೆಡ್‌ಎಕ್ಸ್‌ಐ ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಆರು ವರ್ಷ ಆಯ್ತು. ಕರಿಗೆ ಹನ್ನೊಂದು ಸಲ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಎರಡು ಸಲ ಹೋಗಿ ಬಂದಿದೆ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡುವುದೂ ಇದೇ ಕಾರು.

ಯಾವ ಕಾರು ಅನ್ನೋದಕ್ಕೆ ಮೊದಲು ಒಂದು ಮಾತು. ನೀವು ಕಾರನ್ನು ಲಾರಿ ಮೇಲೆ ಹೇರಿಕೊಂಡು ಟ್ರ್ಯಾಕಿಗೆ ಹೋಗೋದಿಲ್ಲ. ಓಡಿಸಿಕೊಂಡೇ ಹೋಗಬೇಕು, ಓಡಿಸಿಕೊಂಡೇ ಬರಬೇಕು. ಸೋಮವಾರ ಬೆಳಿಗ್ಗೆ ಅದೇ ಕಾರು ಹೆಬ್ಬಾಳದ ಗೇಟಿನ ಮುಂದೆ ನಿಂತಿರಬೇಕು. ನಂಜನಗೂಡು, ಚಾಮರಾಜನಗರ, ಹಾಸನೂರು, ದಿಂಬಂ, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಮೈಸೂರಿನಿಂದ ಸುಮಾರು 200 ಕಿ.ಮೀ. ದಿಂಬಂ ಘಾಟಿನಲ್ಲಿ 27 ಹೇರ್‌ಪಿನ್ ತಿರುವು. ಹೋಗುವಾಗ ಇಳಿಜಾರು, ಬರುವಾಗ ಏರು. ಇಳಿಯುವಾಗ ನಿಮ್ಮ ಬ್ರೇಕ್ ಎಂಥದು ಅಂತ ಗೊತ್ತಾಗುತ್ತೆ. ಟ್ರ್ಯಾಕಿನಲ್ಲಿ ದಿನವಿಡೀ ದುಡಿದ ಕಾರು ವಾಪಸ್ ಹತ್ತುವಾಗ ರೇಡಿಯೇಟರ್ ಎಂಥದು ಅಂತ ಗೊತ್ತಾಗುತ್ತೆ. ಅದು ಹುಲಿ ಕಾಡು, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಸಂಜೆ ಹೊತ್ತಿಗೆ ಘಾಟು ಹತ್ತಿ ಮುಗಿಸಿರಬೇಕು. ಹಾಗಾಗಿ ಸಂಜೆ ನಾಲ್ಕಕ್ಕೆ ಟ್ರ್ಯಾಕಿನ ಪಕ್ಕ ಏನಾದರೂ ಕೈ ಕೊಟ್ಟರೆ ಹತ್ತಿರದ ಅಂಗಡಿಯಲ್ಲೇ ಪಾರ್ಟ್ ಸಿಗುವಂಥ ಕಾರು ಬೇಕು. ಸ್ವಿಫ್ಟ್‌ದು ಸಿಗುತ್ತೆ. ನಾನು ಸ್ವಿಫ್ಟ್ ಹಿಡಿದಿದ್ದಕ್ಕೆ ದೊಡ್ಡ ಕಾರಣ ಇದೇ.

ನನ್ನ ಮೊದಲ ಸಲ ಏನಾಯ್ತು ಅಂತ ಹೇಳುತ್ತೇನೆ. ಐದನೇ ಸುತ್ತು. ನೇರ ದಾರಿ ಮುಗಿದು ತಿರುವು ಬಂತು. ಬ್ರೇಕ್ ಒತ್ತಿದೆ. ಪೆಡಲ್ ನೆನೆದ ಸ್ಪಂಜಿನ ಹಾಗೆ ಸೀದಾ ಒಳಗೆ ಹೋಯ್ತು. ಎರಡು ಸಲ ಪಂಪ್ ಮಾಡಿದೆ, ಆಮೇಲೆ ಸ್ವಲ್ಪ ಹಿಡಿಯಿತು. ಅಗಲವಾಗಿ ತಿರುಗಿ ಹೇಗೋ ದಾರಿಯಲ್ಲೇ ಉಳಿದೆ. ಕಿಟಕಿಯಿಂದ ಸುಟ್ಟ ವಾಸನೆ. ಪ್ಯಾಡ್ ಹೊಸದೇ ಇತ್ತು. ಕೈ ಕೊಟ್ಟಿದ್ದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತೆ. ಡಾಟ್ 3, ಡಾಟ್ 4 ಅಂದರೆ ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಆಯಿಲ್ ಕುದ್ದರೆ ಪೈಪಿನೊಳಗೆ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ, ಬ್ರೇಕ್ ಹಿಡಿಯೋದಿಲ್ಲ. ಊರಲ್ಲಿ ಐದು ವರ್ಷ ಹಾಗೇ ಓಡಿಸಿದರೂ ಗೊತ್ತಾಗದ ವಿಷಯ, ಟ್ರ್ಯಾಕಿನಲ್ಲಿ ಐದೇ ಸುತ್ತಿಗೆ ಗೊತ್ತಾಯ್ತು. ಈಗ ಪ್ರತಿ ಸಲ ಹೊರಡುವ ಮುಂಚೆ ಸೀಲ್ ಒಡೆಯದ ಡಬ್ಬಿಯ ಡಾಟ್ 4 ಹಾಕಿಸುತ್ತೇನೆ. ಕಾರು ಯಾವುದೇ ಇರಲಿ, ಇದೊಂದನ್ನು ಬಿಡಬೇಡಿ.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಕಾರಿಗೆ ಮೂರೂವರೆ ಲಕ್ಷ. ಮಿಕ್ಕ ಒಂದು ಲಕ್ಷ ಪಕ್ಕಕ್ಕಿಡಿ, ಎಷ್ಟೇ ಚೆಂದದ ಕಾರು ಕಂಡರೂ ಮುಟ್ಟಬೇಡಿ. ನಾಲ್ಕು ಟಯರ್, ಪ್ಯಾಡ್, ಡಿಸ್ಕ್, ಕೂಲೆಂಟ್ ಹೋಸ್, ಸಸ್ಪೆನ್ಷನ್ ಬುಷ್, ಇನ್ಶೂರೆನ್ಸ್, ಹೆಸರು ಬದಲಾವಣೆ, ಎಲ್ಲಾ ಅದರಲ್ಲೇ ಆಗಬೇಕು.

ಇನ್ನು ಮೂರು ಕಾರು. ಪೋಲೋ ಜಿಟಿ ಟಿಎಸ್‌ಐ 1.2 ಟರ್ಬೊ, 105 ಪಿಎಸ್ (ಅಂದರೆ ಕುದುರೆ ಶಕ್ತಿ), 175 ಎನ್ಎಂ ಟಾರ್ಕ್ (ಎಳೆಯುವ ಬಲ). ಓಡಿಸಿದರೆ ಮನಸ್ಸು ಸೋಲುತ್ತೆ, ಸುಳ್ಳು ಹೇಳೋದಿಲ್ಲ. ಆದರೆ ಅದರ ಏಳು ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸಿನಲ್ಲಿ, ಇರುವುದು ಒಣ ಕ್ಲಚ್. ಅದಕ್ಕೆ ಬಿಸಿ ಆಗಿಬರೋದಿಲ್ಲ. ಒಮ್ಮೆ ಗೇರ್‌ಬಾಕ್ಸ್ ಬಿಚ್ಚಬೇಕಾಗಿ ಬಂದರೆ ನಿಮ್ಮ ಪಕ್ಕಕ್ಕಿಟ್ಟ ದುಡ್ಡೆಲ್ಲಾ ಅಲ್ಲೇ ಹೋಗುತ್ತೆ. 2020ರ ನಂತರದ 1.0 ಟರ್ಬೊಗೆ ಆರು ಗೇರಿನ ಮ್ಯಾನ್ಯುಯಲ್ ಇತ್ತು. ಅದು ಬಂಗಾರದಂಥ ಕಾರು, ಆದರೆ ನಿಮ್ಮ ಬಜೆಟ್ಟಿಗೆ ಒಳ್ಳೆಯದು ಸಿಗುವುದು ಕಷ್ಟ.

ಸ್ವಿಫ್ಟ್ 1.2ರ ಶಕ್ತಿ ಸುಮಾರು 85 ಪಿಎಸ್, ಅಷ್ಟೇ. 2011ರಿಂದ 2017ರವರೆಗಿನದು ಸುಮಾರು 960 ಕೆಜಿ, 2018ರದು ಅದಕ್ಕಿಂತ 80–90 ಕೆಜಿ ಹಗುರ. ಹಗುರ ಕಾರು ಬ್ರೇಕನ್ನೂ ಟಯರನ್ನೂ ನಿಧಾನಕ್ಕೆ ತಿನ್ನುತ್ತೆ. ಕರಿ ಬರೀ 2.1 ಕಿ.ಮೀ. ಉದ್ದದ, ತಿರುವು ಜಾಸ್ತಿ ಇರುವ ಟ್ರ್ಯಾಕ್. ಅಲ್ಲಿ ಶಕ್ತಿಗಿಂತ ಕೈ ಪಳಗುವುದು ಮುಖ್ಯ. ಆ ಟ್ರ್ಯಾಕಿಗೆ ಹೆಸರು ಬಂದಿರುವುದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800 ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು ಅವರು. ನಮ್ಮ ದೇಶದ ಎಷ್ಟೋ ರೇಸರ್‌ಗಳು ಆ ಪುಟ್ಟ ಎಂಜಿನ್ನಿನಲ್ಲೇ ಕೈ ತಿದ್ದಿಕೊಂಡರು. 85 ಕುದುರೆ ನಿಮಗೆ ಮೂರು ವರ್ಷ ಸಾಕು. ಚೆನ್ನೈ ಟ್ರ್ಯಾಕ್ 3.7 ಕಿ.ಮೀ., ವೇಗವೂ ಜಾಸ್ತಿ. ಅಲ್ಲಿಗೆ ಆಮೇಲೆ ಹೋಗಿ.

ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇಲ್ಲದ ಕಾರು ಬೇಡ. 2019ರ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಅದು ಕಡ್ಡಾಯವಾಯ್ತು. ಅದಕ್ಕೂ ಹಿಂದಿನ ಸ್ವಿಫ್ಟ್ ಆದರೆ ಕಡಿಮೆ ಬೆಲೆಯ ಮಾದರಿಗಳಲ್ಲಿ ಇಲ್ಲದೆಯೂ ಇರಬಹುದು, ನೋಡಿಕೊಂಡು ತೆಗೆದುಕೊಳ್ಳಿ.

ಸಿಟಿ ಬಗ್ಗೆ ಅದನ್ನು ಇಟ್ಟುಕೊಂಡವರೇ ಹೇಳಲಿ.

ಶ್ರೀರಂಗಪಟ್ಟಣದಿಂದ

ನಾನು ಹೇಳುತ್ತೇನೆ. 2012ರ ಸಿಟಿ, 1.5 ಪೆಟ್ರೋಲ್, ಮ್ಯಾನ್ಯುಯಲ್. ಮೇಲಿನವರ ಮಾತು ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ವರ್ಷದಲ್ಲಿ ಟ್ರ್ಯಾಕ್ ಮೂರು ದಿನ, ಮಂಡ್ಯ–ಮೈಸೂರು ಮುನ್ನೂರು ದಿನ. ನನ್ನ ಪ್ರಕಾರ ಆ ಮುನ್ನೂರು ದಿನಕ್ಕೆ ಕಾರು ಆರಿಸಬೇಕು. ಹೆದ್ದಾರಿಯಲ್ಲಿ 100ರ ಮಿತಿ ಇದೆ, ಕ್ಯಾಮೆರಾ ಇದೆ. ಆ ವೇಗದಲ್ಲಿ ಸಿಟಿ ತೊಟ್ಟಿಲಿನಂತೆ ಹೋಗುತ್ತೆ. ಎಂಜಿನ್ 118 ಪಿಎಸ್. ಆರು ಸಾವಿರ ಆರ್‌ಪಿಎಂ ದಾಟಿಸಿದರೂ ಬೇಜಾರಿಲ್ಲದೆ ಎಳೆಯುತ್ತೆ, ಆ ಸದ್ದು ಕೇಳೋದಕ್ಕೇ ನಾನು ಟ್ರ್ಯಾಕಿಗೆ ಹೋಗುವುದು.

ಕಷ್ಟವೂ ಹೇಳಬೇಕು ಅಲ್ವಾ. ಕಾರು ನೆಲಕ್ಕೆ ಹತ್ತಿರ. ನಮ್ಮ ಕಡೆ ಹಳ್ಳಿ ಹಂಪ್‌ಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು. ನಾಲ್ಕು ಜನ ಕೂತರೆ ಹೊಟ್ಟೆ ಉಜ್ಜುತ್ತೆ. ನಮ್ಮ ಅತ್ತೆಗೆ ಮಂಡಿನೋವು. ಸಿಟಿಯ ಸೀಟು ತಗ್ಗು, ಇಳಿಯುವಾಗ ಪ್ರತಿ ಸಲ ನಾನು ಆ ಕಡೆ ಹೋಗಿ ಎರಡೂ ಕೈ ಹಿಡಿದು ಎಬ್ಬಿಸಬೇಕು. ನಿಮ್ಮ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂದಿದ್ದೀರಿ. ಕಾರು ನೋಡಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಮುಂದಿನ ಸೀಟಿನಲ್ಲಿ ಕೂರಿಸಿ, ಏಳಲು ಹೇಳಿ.

ಮತ್ತೆ ಇನ್ಶೂರೆನ್ಸ್. ಯಾರೂ ಹೇಳೋದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ ಇಂಥದ್ದಕ್ಕೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚೆಲ್ಲಾ ನಿಮ್ಮದೇ. ಹಾಳಾದರೆ ತಡೆದುಕೊಳ್ಳಲು ಆಗದಂಥ ಬೆಲೆಯ ಕಾರನ್ನು ಅಲ್ಲಿಗೆ ತೆಗೆದುಕೊಂಡು ಹೋಗಬೇಡಿ. ಈ ಒಂದು ವಿಷಯದಲ್ಲಿ ಸ್ವಿಫ್ಟ್ ಗೆಲ್ಲುತ್ತೆ, ಒಪ್ಪಿಕೊಂಡೆ.

ಬನ್ನಿಮಂಟಪದ ಗ್ಯಾರೇಜಿನಿಂದ

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮಾಡೆಲ್ ಜಗಳ ನೀವು ಆಡಿಕೊಳ್ಳಿ, ನಾನು ಕಾರು ನೋಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಡಿಕ್ಕಿ ತೆಗೆದು ಮ್ಯಾಟ್ ಎತ್ತಿ. ಸ್ಟೆಪ್ನಿ ಹೊರಗಿಡಿ. ಆ ಗುಂಡಿಯ ತಗಡು ನೋಡಿ, ಕೈಯಾಡಿಸಿ. ಕಂಪನಿಯ ತಗಡು ನಯವಾಗಿರುತ್ತೆ, ವೆಲ್ಡಿಂಗ್ ಚುಕ್ಕಿ ಒಂದೇ ಅಳತೆಯಲ್ಲಿ ಸಾಲಾಗಿರುತ್ತೆ. ಸುಕ್ಕು ಇದ್ದರೆ, ಚುಕ್ಕಿ ದಪ್ಪ ಸಣ್ಣ ಇದ್ದರೆ ಹಿಂದಿನಿಂದ ಯಾರೋ ಗುದ್ದಿದ್ದಾರೆ, ಟಿಂಕರಿಂಗ್ ಆಗಿದೆ. ಮುಂದೆ ಬಾನೆಟ್ ಎತ್ತಿ ಏಪ್ರನ್ (ಎಂಜಿನ್ನಿನ ಎರಡು ಬದಿಯ ತಗಡು) ನೋಡಿ, ಬಾನೆಟ್ ಬೋಲ್ಟಿನ ತಲೆ ನೋಡಿ. ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ. ಬಂಪರ್ ಗೀಚಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಚಾಸಿಗೆ ಪೆಟ್ಟು ಬಿದ್ದ ಕಾರು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ, ಟ್ರ್ಯಾಕಿಗಂತೂ ಬೇಡವೇ ಬೇಡ.

ಮಾರುವವರಿಗೆ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅನ್ನಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗ ಬರುವ ಸದ್ದು, ಹೊಗೆ ಸುಳ್ಳು ಹೇಳೋದಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ತಿನ್ನುತ್ತಿದೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಒಳಗೆ ಕೂಲೆಂಟ್ ಬಣ್ಣ ಇಲ್ಲದೆ ಬೋರ್‌ವೆಲ್ ನೀರು ಇದ್ದರೆ ಆ ಕಾರನ್ನು ಹೇಗೆ ಸಾಕಿದ್ದಾರೆ ಅಂತ ಅಷ್ಟರಲ್ಲೇ ತಿಳಿಯುತ್ತೆ.

ಮೀಟರ್ ನಂಬಬೇಡಿ. ಕ್ಲಚ್ ಪೆಡಲ್ ರಬ್ಬರ್ ಸವೆದಿದ್ದು, ಸ್ಟೇರಿಂಗ್ ನುಣುಪಾಗಿದ್ದು, ಮೀಟರ್ ಮಾತ್ರ 40 ಸಾವಿರ ತೋರಿಸಿದರೆ ಎದ್ದು ಬನ್ನಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2318 ಅಂದರೆ 2018ರ 23ನೇ ವಾರದ್ದು. ಟಯರಿನ ಗೀರುಗಳು ಎಷ್ಟೇ ಆಳ ಇರಲಿ, ಅಂಥ ಹಳೇ ರಬ್ಬರ್ ಗಟ್ಟಿಯಾಗಿರುತ್ತೆ. ಅದನ್ನೇ ತೋರಿಸಿ ಬೆಲೆ ಇಳಿಸಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ. ಹಳೇ ಕಾರಾದರೆ ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದೆಯಾ ಅಂತಲೂ ನೋಡಿಸಿ.

ಕೊನೆಗೆ ಯಾವುದಾದರೂ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ನೋಡಿ. ಮಾರುವವರು ಒಪ್ಪದಿದ್ದರೆ ಕಾರಣ ಕೇಳುವ ಗೋಜಿಗೂ ಹೋಗಬೇಡಿ.

ಮಂಡ್ಯದಿಂದ, ಇನ್ನೊಬ್ಬರು

ಕಾಗದದ ಬಗ್ಗೆ ಚಿಕ್ಕದಾಗಿ. ಕೆಎ-11, ಕೆಎ-09, ಕೆಎ-55, ಯಾವುದಾದರೂ ಸರಿ, ನಮ್ಮ ರಾಜ್ಯದ ಗಾಡಿಯನ್ನೇ ನೋಡಿ. ತಮಿಳುನಾಡಿನ ಕಾರು ಅಗ್ಗ ಅಂತ ಕಂಡರೂ ಎನ್‌ಒಸಿ ತಂದು ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಆ ಅಗ್ಗವೆಲ್ಲಾ ಕರಗುತ್ತೆ. ಸಾಲದ ಮೇಲೆ ತೆಗೆದ ಕಾರಾಗಿದ್ದರೆ ಸಾಲ ತೀರಿದೆ ಅನ್ನೋದಕ್ಕೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೇಳಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ದಂಡ ಎಷ್ಟಿದೆ ಅಂತ ನೋಡಿ. ಹೆಸರು ಬದಲಾದ ಮೇಲೆ 14 ದಿನದೊಳಗೆ ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಆಗಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರೋದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 15 ವರ್ಷಕ್ಕೆ ಹತ್ತಿರ ಬಂದ ಕಾರಾದರೆ ಎಫ್‌ಸಿ (ಓಡಿಸಲು ಯೋಗ್ಯ ಅನ್ನೋ ಪ್ರಮಾಣಪತ್ರ) ಮಾಡಿಸಬೇಕಾಗುತ್ತೆ.

ಇನ್ನೊಂದು, ಹೆಡ್‌ಲೈಟ್ ನೋಡಿ. ಕಬ್ಬು ಕಟಾವಿನ ಕಾಲದಲ್ಲಿ ಸರ್ವಿಸ್ ರಸ್ತೆಯಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್‌ಗಳು ನಿಂತಿರುತ್ತವೆ. ರಾತ್ರಿ ಪಾಳಿ ಮುಗಿಸಿ ಬರುವುದಿದ್ದರೆ ಇದು ಮುಖ್ಯ.

ಕೇಳಿದವರು, ಮಂಡ್ಯ

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಸಂದೇಹ. ಸ್ವಿಫ್ಟ್ ತೆಗೆದುಕೊಂಡರೆ ಸ್ಪ್ರಿಂಗ್ ಬದಲಾಯಿಸಿ ತಗ್ಗಿಸಬೇಕಾ? ಸೈಲೆನ್ಸರ್?

ಕುವೆಂಪುನಗರದಿಂದ

ಎರಡೂ ಬೇಡ. ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದಿರಲಿ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಅಮ್ಮನ ಸೊಂಟದ ಗತಿ ಏನು? ಅದೇ ದುಡ್ಡಿಗೆ ಒಳ್ಳೆ ಟಯರ್ ಹಾಕಿಸಿ, ಸವೆದ ಬುಷ್ ಹೊಸದು ಮಾಡಿಸಿ. ಕಾರು ಹೊಸದರಂತೆ ಆಗುತ್ತೆ.

ಟ್ರ್ಯಾಕಿಗೆ ಹೋದಾಗ ಡಿಕ್ಕಿಯಲ್ಲಿರುವುದೆಲ್ಲಾ ಇಳಿಸಿ. ಸ್ಟೆಪ್ನಿ, ಜಾಕಿ, ಕಾಲಡಿಯ ಮ್ಯಾಟ್, ಎಲ್ಲಾ. ನೀರಿನ ಬಾಟಲಿಯನ್ನು ಮರೆಯದೆ ತೆಗೆಯಿರಿ, ಅದು ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಮುಗಿಯಿತು. ಮುಖ ಮುಚ್ಚುವ ಹೆಲ್ಮೆಟ್, ಶೂ ಬೇಕು. ನಾಲ್ಕೈದು ಸುತ್ತು ಜೋರಾಗಿ ಹೋದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬಂದು ಕಾರನ್ನು ತಣಿಸಿ. ನಿಲ್ಲಿಸಿದ ಮೇಲೆ ಬಿಸಿ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಸಿಯಾದ ಟಯರಿನಲ್ಲಿ ಗಾಳಿಯ ಒತ್ತಡ ಏರಿರುತ್ತೆ, ಆಗಾಗ ಅಳೆದು ಇಳಿಸಿ. ವಾಪಸ್ ಹೊರಡುವ ಮುಂಚೆ ಮತ್ತೆ ಸರಿ ಮಾಡಿಕೊಳ್ಳಿ. ಚಾಮುಂಡಿ ಬೆಟ್ಟದಲ್ಲಿ ಅಭ್ಯಾಸ ಮಾಡೋಣ ಅಂತ ಮಾತ್ರ ಯಾವತ್ತೂ ಯೋಚಿಸಬೇಡಿ. ಅಲ್ಲಿ ಮೆಟ್ಟಿಲು ಹತ್ತಿ ಬಂದ ಜನ ರಸ್ತೆ ದಾಟುತ್ತಿರುತ್ತಾರೆ.

ಕೇಳಿದವರು, ಮಂಡ್ಯ (ಆರು ವಾರದ ನಂತರ)

ಏನಾಯ್ತು ಅಂತ ಹೇಳಲೇಬೇಕು. ಮೊದಲು ಮದ್ದೂರಿನಲ್ಲಿ ಒಂದು ಕೆಂಪು ಸ್ವಿಫ್ಟ್ ನೋಡಿದೆ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸ್ಟೆಪ್ನಿ ಎತ್ತಿದರೆ ತಗಡು ಚಪ್ಪರದ ಬಟ್ಟೆಯ ಹಾಗೆ ಸುಕ್ಕು. ಏನೂ ಮಾತಾಡದೆ ಬಂದೆ. ನಂಜನಗೂಡಿನಲ್ಲಿ ಎರಡನೆಯದು ಸಿಕ್ಕಿತು. 2014ರ ಜೆಡ್‌ಎಕ್ಸ್‌ಐ, ಒಬ್ಬರೇ ಓನರ್, ನಿವೃತ್ತ ಮೇಷ್ಟ್ರು. ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹೊಲಿದು ಇಟ್ಟಿದ್ದರು. ಟಯರ್ ಹಳೇದು, ಅದಕ್ಕೆ ಹದಿನೈದು ಸಾವಿರ ಬಿಟ್ಟರು. ಮೂರು ಲಕ್ಷದ ಮೂವತ್ತು ಸಾವಿರಕ್ಕೆ ಮುಗಿಯಿತು. ಟಯರ್, ಪ್ಯಾಡ್, ಬ್ರೇಕ್ ಆಯಿಲ್, ಕೂಲೆಂಟ್ ಹೋಸ್, ಮುಂದಿನ ಬುಷ್, ಇನ್ಶೂರೆನ್ಸ್, ಹೆಸರು ಬದಲಾವಣೆ ಎಲ್ಲಾ ಆಗಿ ಇನ್ನೂ ಸ್ವಲ್ಪ ದುಡ್ಡು ಉಳಿದಿದೆ.

ಅಮ್ಮನನ್ನು ಕೂರಿಸಿಕೊಂಡು ಮೇಲುಕೋಟೆ ತನಕ ಹೋಗಿ ಬಂದೆ. ಇಳಿಯುವಾಗ ಕೈ ಕೊಡೋಣ ಅಂತ ಆ ಕಡೆ ಓಡಿದೆ. ಅಷ್ಟರಲ್ಲಿ ತಾನೇ ಇಳಿದು ಸೀರೆ ಸರಿ ಮಾಡಿಕೊಳ್ಳುತ್ತಿದ್ದಳು.

ಕರಿಗೆ ಮುಂದಿನ ಸಲ ಯಾರು ಹೊರಟರೂ ನನಗೊಂದು ಮಾತು ಹೇಳಿ. ದಿಂಬಂ ಇಳಿಯುವಾಗ ನಿಮ್ಮ ಹಿಂದೆಯೇ ಬರುತ್ತೇನೆ.